ಅತ್ತೆ ಒಳಗೆ ಹೋಗಲೆಂದು ಬಾರಿಸಿದ ಬೆಲ್ಲು

ನಮ್ಮ ಕಡೆ ಸೈಕಲ್ಲಿನಿಂದ ಬಿದ್ದವರು ಯಾರೂ ಸೈಕಲ್ಲಿನ ದೆಸೆಯಿಂದ ಬಿದ್ದದ್ದೇ ಇಲ್ಲ. ಬೆಕ್ಕು ಅಡ್ಡ ಬಂದದ್ದಕ್ಕೆ ಬಿದ್ದರು, ಹೊರಡುವಾಗ ಯಾರೋ ಸೀನಿದ್ದಕ್ಕೆ ಬಿದ್ದರು, ಮಂಗಳವಾರ ಉತ್ತರ ದಿಕ್ಕಿಗೆ ಹೊರಟದ್ದಕ್ಕೆ ಬಿದ್ದರು. ಪಂಚೆಯ ಚುಂಗು ಚೈನಿಗೆ ಸಿಕ್ಕಿಕೊಂಡು ಮೂಗು ಜಜ್ಜಿಕೊಂಡವನನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಪಂಚೆಯನ್ನು ಹಲ್ಲಿನ ಚಕ್ರದಿಂದ ಬಿಡಿಸುತ್ತಾ ಅವನು ಹೇಳಿದ್ದು ಮಾತ್ರ, 'ಬೆಳಿಗ್ಗೆ ಯಾರ ಮುಖ ನೋಡಿದ್ನೋ ಏನೋ' ಎಂದು. ನರಸಿಂಹರಾಜಪುರದ ದಾರಿಯಲ್ಲಿ ಒಬ್ಬ ಒಂದು ಕೈಯಲ್ಲಿ ಛತ್ರಿ ಬಿಚ್ಚಿ ಹಿಡಿದು, ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಹೋಗುತ್ತಿದ್ದ. ಗಾಳಿ ಬಂದು ಛತ್ರಿ ಮಗುಚಿತು, ಅವನೂ ಮಗುಚಿ ಗದ್ದೆಗೆ ಬಿದ್ದ. ಅವನ ಮನೆಯವರು ಊರ ದೇವತೆ ಚೌಡಿಗೆ ಕೋಳಿ ಕೊಟ್ಟರು. ಮಳೆಗೆಂದು ತಲೆ ಮುಚ್ಚುವ ಕಂಬಳಿಕೊಪ್ಪೆ ಹಾಕಿಕೊಂಡು ಸೈಕಲ್ ಹತ್ತಿದವನಿಗೆ ಎಡಬಲ ಕಾಣುವುದಿಲ್ಲ, ಹಿಂದಿನಿಂದ ಬರುವ ಬಸ್ಸಿನ ಹಾರ್ನೂ ಕೇಳುವುದಿಲ್ಲ. ಅದನ್ನು ಯಾರಾದರೂ ಹೇಳಿದರೆ, 'ನಮ್ಮಪ್ಪ ಇದೇ ಕೊಪ್ಪೆ ಹಾಕ್ಕೊಂಡು ಬದುಕಿದ್ದು' ಎಂಬ ಉತ್ತರ ಸಿಗುತ್ತಿತ್ತು. ನಿಮ್ಮಪ್ಪ ಸೈಕಲ್ ಹೊಡೆದಿದ್ದನೇನಯ್ಯಾ ಎಂದು ಕೇಳುವವರು ಇರಲಿಲ್ಲ.

ಇದನ್ನೆಲ್ಲ ನೆನೆದರೆ ಬೇರೆಯವರಿಗೆ ನಗು ಬರಬಹುದು. ನನಗೆ ಹೊಟ್ಟೆ ಉರಿಯುತ್ತದೆ. ಯಾಕೆಂದರೆ ನಮ್ಮ ಮನೆಯಲ್ಲಿ ಆದ ಒಂದು ಸೈಕಲ್ ಅಪಘಾತಕ್ಕೂ ಹೀಗೇ ಒಂದು ಕಾರಣ ಹುಡುಕಿದರು. ಆ ಕಾರಣಕ್ಕೆ ಕೈಕಾಲಿತ್ತು, ಜೀವವಿತ್ತು, ಅದು ನಮ್ಮ ಮನೆಯಲ್ಲೇ ಮೂಲೆಯಲ್ಲಿ ಉಣ್ಣುತ್ತಿತ್ತು. ಅದು ನನ್ನ ಸೋದರತ್ತೆ, ಅಪ್ಪಯ್ಯನ ತಂಗಿ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮೊದಲಿನ ಮಾತು. ನಮ್ಮ ಮನೆ ಇದ್ದದ್ದು ಕೊಪ್ಪದಲ್ಲಿ, ರಸ್ತೆಯ ಬದಿಗೇ. ಅಪ್ಪಯ್ಯ ಪುರೋಹಿತಿಕೆ ಮಾಡಿಕೊಂಡಿದ್ದವರು. ಅಣ್ಣ ಹರಿಹರಪುರದ ಶಾಲೆಯಲ್ಲಿ ಮೇಷ್ಟ್ರು. ದಿನಾ ನಡೆದು ಹೋಗಿ ನಡೆದು ಬರುತ್ತಿದ್ದವನಿಗೆ ಅಪ್ಪಯ್ಯನೇ ಶಿವಮೊಗ್ಗದಿಂದ ಸೈಕಲ್ ತರಿಸಿಕೊಟ್ಟರು. ಅದು ಬಸ್ಸಿನ ಮೇಲೆ ಹಗ್ಗ ಬಿಗಿಸಿಕೊಂಡು ಬಂದ ದಿನ ಬೀದಿಗೆ ಬೀದಿಯೇ ನಮ್ಮ ಅಂಗಳದಲ್ಲಿ ನಿಂತಿತ್ತು. ಕಪ್ಪು ಬಣ್ಣ, ಹ್ಯಾಂಡಲ್ಲಿನ ಕೆಳಗೆ ಬ್ರೇಕಿನ ಉದ್ದ ಕಂಬಿಗಳು, ಬಲಗಡೆ ಬಟ್ಟಲು ಕವುಚಿದ ಹಾಗೆ ಬೆಳ್ಳಗಿನ ಬೆಲ್ಲು.

ಅತ್ತೆಯನ್ನು ಕಡಹಿನಬೈಲಿಗೆ ಕೊಟ್ಟಿದ್ದರಂತೆ. ಕೊಟ್ಟಾಗ ಅವಳಿಗೆ ಲಂಗ ಬಿಟ್ಟು ಸೀರೆ ಉಡುವ ವಯಸ್ಸೂ ಆಗಿರಲಿಲ್ಲ. ಗಂಡ ಚಳಿಜ್ವರದಲ್ಲಿ ಹೋದ. ಅಲ್ಲಿ ಕೆಲವು ವರ್ಷ ಅವರ ಕೊಟ್ಟಿಗೆ ಬಳಿದು, ಅವರ ಬೈಗುಳ ತಿಂದು, ಕೊನೆಗೆ ತಲೆ ಬೋಳಿಸಿಕೊಂಡು ಕೆಂಪು ಸೀರೆಯಲ್ಲಿ ತವರಿಗೆ ಬಂದಳು. ಅಷ್ಟಾದರೂ ಬಾಯಿ ಮಾತ್ರ ಸತ್ತಿರಲಿಲ್ಲ ನೋಡಿ! ನಮ್ಮ ಮನೆಯ ಮುಂದಿನ ಜಗಲಿ ಅವಳದು. ಬೆಳಿಗ್ಗೆ ಅಂಗಳದ ತುಳಸಿಗೆ ನೀರು ಹಾಕಿ, ಜಗಲಿಯ ತುದಿಯಲ್ಲಿ ಕೂತು ದೇವರಿಗೆ ಹೂ ಕಟ್ಟುತ್ತಾ ರಸ್ತೆಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತಿದ್ದಳು. ಯಾರ ಎಮ್ಮೆ ಕರು ಹಾಕಿತು, ಶೃಂಗೇರಿ ಬಸ್ಸು ಯಾಕೆ ತಡವಾಯಿತು, ಯಾರ ಸೊಸೆ ತವರಿಗೆ ಹೊರಟಳು, ಎಲ್ಲ ಅವಳಿಗೆ ಗೊತ್ತು. ಪ್ರಪಂಚ ಎಂದು ಅವಳಿಗಿದ್ದದ್ದು ಆ ಜಗಲಿ, ಆ ಅಂಗಳ. ಅದಕ್ಕಿಂತ ಹೆಚ್ಚಿನದನ್ನು ಅವಳು ಕೇಳಿದ್ದೂ ಇಲ್ಲ.

ಸೈಕಲ್ ಬಂದ ಮಾರನೆಯ ದಿನ ಅಪ್ಪಯ್ಯ, ಅಣ್ಣ ಇಬ್ಬರೂ ಇಲ್ಲದಾಗ ಅತ್ತೆ ಅದರ ಹತ್ತಿರ ಹೋಗಿ ಒದ್ದೆ ಬೆರಳಿನಿಂದ ಬೆಲ್ಲು ಒತ್ತಿದಳು. ಟ್ರಿಣ್ ಎಂದಿತು. ಸುತ್ತ ನೋಡಿ, ನಕ್ಕು, ಇನ್ನೊಂದು ಸಲ ಒತ್ತಿದಳು.

"ಕೇಳ್ದ್ಯೇನೇ ಕೂಸೇ," ಎಂದಳು ನನಗೆ, "ದೇವರ ಗಂಟೆಗಿಂತ ಇದೇ ಚೆಂದ. ಇದನ್ನ ಹೊಡೆಯೋಕೆ ಮಡಿನೂ ಬೇಡ, ಮಂತ್ರಾನೂ ಬೇಡ."

"ಅಪ್ಪಯ್ಯಂಗೆ ಹೇಳ್ತೀನಿ ನೋಡು" ಎಂದೆ.

"ಹೇಳು ಹೋಗು. ಬಂದು ಪಂಚಗವ್ಯ ಕುಡಿಸ್ಲಿ ಅದಕ್ಕೆ" ಎಂದು ಮತ್ತೆ ಒತ್ತಿದಳು. ಆಮೇಲೆ ಅಣ್ಣ ಸಂಜೆ ದೂರದ ತಿರುವಿನಲ್ಲಿ ಬೆಲ್ಲು ಬಾರಿಸಿದರೆ ಸಾಕು, ಜಗಲಿಯಿಂದ ಎದ್ದು "ಮಾಣಿ ಬಂದ, ಕಾಫಿಗಿಡಿ" ಎಂದು ಒಳಗೆ ಕೂಗುತ್ತಿದ್ದವಳು ಅವಳೇ.

ಆ ವರ್ಷದ ನವರಾತ್ರಿ ಬಂತು. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಕಬ್ಬಿಣ ಎನ್ನುವುದೆಲ್ಲ ಕೆಂಪು ಹಿಡಿದಿರುತ್ತದೆ. ಅದಕ್ಕೇ ಆಯುಧಪೂಜೆಯ ದಿನ ಕತ್ತಿ, ಹಾರೆ, ಗುದ್ದಲಿ, ಈಳಿಗೆಮಣೆ ಎಲ್ಲವನ್ನೂ ತೊಳೆದು, ಒರೆಸಿ, ಹರಳೆಣ್ಣೆ ಉಜ್ಜಿ, ಜಗಲಿಯಲ್ಲಿ ಸಾಲಾಗಿ ಇಟ್ಟು ಪೂಜೆ ಮಾಡುವುದು. ಒಳ್ಳೆಯ ಪದ್ಧತಿಯೇ. ಎಣ್ಣೆ ಕಾಣದ ಕತ್ತಿ ನಮ್ಮ ಹವೆಯಲ್ಲಿ ವರ್ಷ ಬಾಳುವುದಿಲ್ಲ. ಆದರೆ ಅಪ್ಪಯ್ಯನ ಲೆಕ್ಕದಲ್ಲಿ ಸೈಕಲ್ಲೂ ಕಬ್ಬಿಣ, ಕತ್ತಿಯೂ ಕಬ್ಬಿಣ. ಅಣ್ಣ ಬಾಳೆಕಂಬ ತರಲು ಹೋಗಿದ್ದ. ಅಪ್ಪಯ್ಯ ಪಂಚೆ ಮೇಲೆ ಕಟ್ಟಿ ಎಣ್ಣೆಬಟ್ಟಲು ಹಿಡಿದು ಸೈಕಲ್ಲಿನ ಮುಂದೆ ಕೂತರು.

"ಇವ ಚೈನಿಗೆ ಒಂದು ಹನಿ ಬಿಟ್ಟು ಮುಗೀತು ಅಂತಾನೆ. ಹಬ್ಬದ ದಿನ ಆದ್ರೂ ಇದಕ್ಕೊಂದು ಎಣ್ಣೆಸ್ನಾನ ಆಗ್ಲಿ" ಎಂದು ಹೇಳಿ, ಒಂದು ಕಡ್ಡಿಯನ್ನೂ ಬಿಡದೆ ಉಜ್ಜಿದರು. ಗಾಲಿಯ ಸುತ್ತ ಇರುವ ಕಬ್ಬಿಣದ ಬಳೆ, ಅದೇ ರಿಮ್ಮು, ಅದಕ್ಕೂ ಒಳಹೊರಗೆ ಉಜ್ಜಿದರು. ಬ್ರೇಕು ಹಿಡಿದಾಗ ರಬ್ಬರು ಹೋಗಿ ಕಚ್ಚುವುದು ಅದೇ ರಿಮ್ಮಿಗೆ. ಆ ರಬ್ಬರಿನ ತುಂಡುಗಳಿಗೂ ಅಭಿಷೇಕ ಆಯಿತು. ಆಮೇಲೆ ಕುಂಕುಮ, ಹೂ, ಹ್ಯಾಂಡಲ್ಲಿಗೆ ಸೇವಂತಿಗೆ ಮಾಲೆ. ಬಾಳೆಕಂಬ ಹೊತ್ತು ಬಂದ ಅಣ್ಣ ಗಾಲಿ ಹೊಳೆಯುವುದನ್ನು ಕಂಡು ಹಿಗ್ಗಿದ. ನಾವೆಲ್ಲರೂ ಹಿಗ್ಗಿದೆವು. ಅಲ್ಲಿಯವರೆಗೆ ಯಾರದೂ ತಪ್ಪಿಲ್ಲ ಎಂದೇ ನಾನು ಇವತ್ತಿಗೂ ಹೇಳುವುದು. ಗೊತ್ತಿಲ್ಲದೆ ಆದದ್ದು ಅದು. ಗೊತ್ತಾದ ಮೇಲೆ ಮಾಡಿದ್ದನ್ನು ಮಾತ್ರ ನಾನು ಕ್ಷಮಿಸಲಾರೆ.

ಮಾರನೆಯ ದಿನ ವಿಜಯದಶಮಿ. ಮಕ್ಕಳಿಗೆ ಅಕ್ಷರ ತಿದ್ದಿಸಿ ಶಾಲೆಗೆ ಸೇರಿಸುವ ದಿನ. ಮೇಷ್ಟ್ರು ಇಲ್ಲದಿದ್ದರೆ ಆಗುತ್ತದೆಯೇ? ಅಣ್ಣ ಜರಿಪಂಚೆ ಉಟ್ಟು, ಚುಂಗನ್ನು ಜೋಪಾನವಾಗಿ ಸಿಕ್ಕಿಸಿಕೊಂಡು ಅಂಗಳದಲ್ಲಿ ಸೈಕಲ್ ಹತ್ತಿದ. ಅದೇ ಹೊತ್ತಿಗೆ ಅತ್ತೆ ಬಾವಿಕಡೆಯಿಂದ ತುಳಸಿಗೆಂದು ನೀರಿನ ಕೊಡ ಸೊಂಟದಲ್ಲಿ ಇಟ್ಟುಕೊಂಡು ಬಂದಳು. ಎದುರು ಬದುರಾಯಿತು. ಅಮ್ಮನ ಮುಖ ಹುಳ್ಳಗಾದದ್ದನ್ನು ನಾನು ನೋಡಿದೆ. ಅಣ್ಣ ಮಾತ್ರ ನಕ್ಕು, "ಬರ್ತೀನಿ ಅತ್ತೆ" ಎಂದ. "ಹುಷಾರು ಮಾರಾಯ, ಕೆಳಗಿನ ದಾರಿ ಇನ್ನೂ ಪಾಚಿಗಟ್ಟಿದೆ" ಎಂದಳು ಅವಳು. ಅಂದು ಆ ಅಂಗಳದಲ್ಲಿ ಅವನಿಗೆ ಎಚ್ಚರ ಹೇಳಿದ ಬಾಯಿ ಅದೊಂದೇ.

ಕೊಪ್ಪದಿಂದ ಹರಿಹರಪುರಕ್ಕೆ ತುಂಗೆಯ ಕಡೆಗೆ ಇಳಿಯುತ್ತಲೇ ಹೋಗಬೇಕು. ಊರು ದಾಟುವ ತನಕ ದಾರಿ ಮಟ್ಟ, ಬ್ರೇಕು ಬೇಕಾಗಲಿಲ್ಲ. ಇಳಿಜಾರು ಶುರುವಾದಲ್ಲಿ ಅಣ್ಣ ಬ್ರೇಕು ಹಿಡಿದ. ಸೈಕಲ್ ನಿಲ್ಲಲಿಲ್ಲ. ಬಲವಾಗಿ ಹಿಡಿದ. ಇನ್ನೂ ಜೋರಾಗಿ ಓಡಿತು. ಕೆಳಗಿನ ತಿರುವಿನಲ್ಲಿ ಹಳ್ಳದ ಮೋರಿಯ ಕಟ್ಟೆಗೆ ಹೋಗಿ ಬಡಿದ. ಅಡಿಕೆ ಹೇರಿಕೊಂಡು ಬರುತ್ತಿದ್ದ ಗಾಡಿಯವರು ಮೂಟೆ ಇಳಿಸಿ, ಅವನನ್ನೂ ಅವನ ಸೈಕಲ್ಲನ್ನೂ ಅದೇ ಗಾಡಿಯಲ್ಲಿ ಮನೆಗೆ ತಂದರು. ಬಲಗಾಲು ಮೊಣಕಾಲಿನ ಕೆಳಗೆ ಮುರಿದಿತ್ತು. ಗಾಡಿಯಿಂದ ಇಳಿಸುವಾಗ ಅವನು ನೋವಿನಲ್ಲಿ ಕೂಗಿದ್ದು ಬೀದಿಯವರೆಲ್ಲ ಕೇಳಿದ್ದಾರೆ: "ಬ್ರೇಕು ಹಿಡೀಲಿಲ್ಲ ಅಪ್ಪಯ್ಯಾ, ಹಿಡೀಲೇ ಇಲ್ಲ!"

ಅಷ್ಟು ಸ್ಪಷ್ಟವಾಗಿ ಹೇಳಿದ. ಆದರೆ ಅಮ್ಮ ತಲೆ ಚಚ್ಚಿಕೊಂಡು ಕೂಗಿದ್ದು ಬೇರೆ: "ಹೊರಡುವಾಗಲೇ ಎದುರಿಗೆ ಬಂದಳಲ್ಲ ಇವಳು, ನನ್ನ ಮಗನ ಕಾಲು ಮುರಿದಳಲ್ಲ!" ಹೆತ್ತ ಸಂಕಟ, ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದು ಅಂದಳು ಎಂದುಕೊಳ್ಳೋಣ. ಅಪ್ಪಯ್ಯ ಏನು ಹೇಳುತ್ತಾರೆಂದು ಎಲ್ಲರೂ ಅವರ ಮುಖ ನೋಡಿದರು. ಅವರು ತಂಗಿಯ ಕಡೆಗೊಮ್ಮೆ ನೋಡಿ, "ಒಳಗೆ ಹೋಗು" ಎಂದರು. ಆ ಎರಡು ಮಾತಿನಲ್ಲಿ ತೀರ್ಪಾಗಿ ಹೋಯಿತು.

ಇನ್ನೊಂದು ಸಂಗತಿ ಹೇಳುತ್ತೇನೆ. ತುಂಬಿದ ಕೊಡ ಎದುರು ಬಂದರೆ ಶುಭ ಎಂದು ಅಪ್ಪಯ್ಯನೇ ಎಷ್ಟು ಜನರಿಗೆ ಹೇಳಿದ್ದರೋ! ಅತ್ತೆಯ ಸೊಂಟದಲ್ಲಿದ್ದದ್ದು ತುಂಬಿದ ಕೊಡವೇ. ಅದನ್ನು ಯಾರೂ ಎತ್ತಲಿಲ್ಲ. ಕೊಡ ಲೆಕ್ಕಕ್ಕೆ ಬರಲಿಲ್ಲ, ಹೊತ್ತವಳು ಮಾತ್ರ ಬಂದಳು.

ನೆತ್ತರು ಮೆತ್ತಿದ ಸೈಕಲ್ಲನ್ನು ಮುಟ್ಟಲು ಮನೆಯಲ್ಲಿ ಎಲ್ಲರಿಗೂ ಅಳುಕು, ಎರಡು ದಿನ ಅಂಗಳದಲ್ಲೇ ಬಿದ್ದಿತ್ತು. ಹಿತ್ತಿಲಿಗೆ ಒಯ್ದು ತೊಳೆಯಲು ಹೇಳಿದ್ದು ಯಾರಿಗೆ ಅಂತೀರಿ? ಅತ್ತೆಗೇ. ಆ ಕೆಲಸಕ್ಕೆ ಮಾತ್ರ ಅವಳು ಅಪಶಕುನ ಅಲ್ಲ! ಬೂದಿ, ಸೀಗೆಪುಡಿ ಹಾಕಿ ಉಜ್ಜುತ್ತಾ ಇದ್ದವಳು ನನ್ನನ್ನು ಕೈಸನ್ನೆ ಮಾಡಿ ಕರೆದಳು. ಅವಳ ಕಣ್ಣು ಊದಿತ್ತು.

"ಇಲ್ಲಿ ಮುಟ್ಟಿ ನೋಡು" ಎಂದಳು.

ರಿಮ್ಮಿನ ಮೇಲೆ ಬೆರಳಿಟ್ಟೆ. ಜಾರಿತು. ಬ್ರೇಕಿನ ರಬ್ಬರು ಮುಟ್ಟಿದೆ. ಎಣ್ಣೆ ಕುಡಿದು ಮೆತ್ತಗಾಗಿತ್ತು.

"ಹಲಸಿನಹಣ್ಣು ಬಿಡಿಸುವಾಗ ಕೈಗೆ ಎಣ್ಣೆ ಎಂತಕ್ಕೆ ಹಚ್ಕೊಳ್ತೀವಿ?" ಎಂದು ಕೇಳಿದಳು.

"ಮೇಣ ಅಂಟಬಾರ್ದು ಅಂತ."

"ಹೌದಲ್ಲ? ಇದು ಅಂಟಬೇಕಿತ್ತು ಕೂಸೇ. ಎಣ್ಣೆ ಹಚ್ಚಿದ್ಮೇಲೆ ಎಲ್ಲಿಂದ ಅಂಟ್ತದೆ?" ಎಂದವಳು, ರಬ್ಬರನ್ನು ಬೂದಿಯಿಂದ ಇನ್ನೊಮ್ಮೆ ಉಜ್ಜಿ, "ನಾನು ಎದುರು ಬಂದಿದ್ದಕ್ಕಲ್ಲ ಕಣೇ ಅವ ಬಿದ್ದಿದ್ದು" ಎಂದಳು. ಅದನ್ನು ನನಗೆ ಹೇಳುತ್ತಿದ್ದಾಳೋ ತನಗೇ ಹೇಳಿಕೊಳ್ಳುತ್ತಿದ್ದಾಳೋ ತಿಳಿಯಲಿಲ್ಲ. ಅಷ್ಟರಲ್ಲಾಗಲೇ ಅವಳಿಗೂ ತನ್ನ ಮೇಲೆ ಅನುಮಾನ ಹುಟ್ಟಿಸಿಬಿಟ್ಟಿದ್ದರು, ಪಾಪಿಗಳು.

ನಾನು ನೇರ ಹೋಗಿ ಜಗಲಿಯಲ್ಲೇ ಹೇಳಿದೆ. ಶೃಂಗೇರಿಯಿಂದ ನೆಂಟರು ಅಣ್ಣನನ್ನು ನೋಡಲು ಬಂದಿದ್ದರು. ಅಣ್ಣ ಕಾಲಿಗೆ ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಮಲಗಿದ್ದ. "ಅಪ್ಪಯ್ಯ, ಗಾಲಿಗೆ ಎಣ್ಣೆ ಹಚ್ಚಿದ್ದಕ್ಕೇ ಬ್ರೇಕು ಜಾರಿದ್ದು. ನಾನು ಮುಟ್ಟಿ ನೋಡಿದೆ, ಬೇಕಾದ್ರೆ ಬಂದು ನೀವೂ ಮುಟ್ಟಿ ನೋಡಿ" ಎಂದೆ. ಅಪ್ಪಯ್ಯನ ಕಿವಿ ಕೆಂಪಾಯಿತು.

"ಪೂಜೆ ಮಾಡಿದ್ದರಿಂದ ಕೇಡಾಗ್ತದೇನೇ? ಯಾವ ಶಾಸ್ತ್ರದಲ್ಲಿದೆ ಅದು?" ಎಂದರು.

ನಾನು ಅಣ್ಣನ ಕಡೆ ನೋಡಿದೆ. ಅವನೊಬ್ಬ ಬಾಯಿ ಬಿಟ್ಟರೆ ಸಾಕಿತ್ತು. ಬ್ರೇಕಿನ ಕಂಬಿ ಹಿಸುಕಿದ್ದು ಅವನ ಕೈ, ಜಾರಿದ್ದು ಅವನಿಗೆ ಗೊತ್ತು. ಅವನು ಮಾಡಿನ ತೊಲೆ ನೋಡುತ್ತಾ ಮಲಗಿದ್ದ. ನೆಂಟರಲ್ಲಿ ಒಬ್ಬರು, "ಎಂತ ಆಯ್ತು ಮಾರಾಯ, ನೀನೇ ಹೇಳು" ಎಂದು ಅವನನ್ನೇ ಕೇಳಿದರು. ಅಣ್ಣ ಅಪ್ಪಯ್ಯನ ಮುಖ ನೋಡಿದ. "ಏನೋ, ಹೊರಟ ಗಳಿಗೆ ಸರಿ ಇರ್ಲಿಲ್ಲ" ಎಂದ. ಅಮ್ಮ ನನ್ನ ರಟ್ಟೆ ಹಿಡಿದು ಒಳಗೆ ಎಳೆದಳು. ಬಾಗಿಲ ಮರೆಯಲ್ಲಿ ಅತ್ತೆ ನಿಂತಿದ್ದಳು. ಎಲ್ಲವನ್ನೂ ಕೇಳಿದ್ದಳು.

ಅಪ್ಪಯ್ಯ ಕೆಟ್ಟವರಾಗಿರಲಿಲ್ಲ ಎಂದು ಈಗಲೂ ಕೆಲವರು ನನಗೆ ಹೇಳಲು ಬರುತ್ತಾರೆ. ಇರಬಹುದು. ಊರಿನವರಿಗೆಲ್ಲ ಮುಹೂರ್ತ ಇಟ್ಟುಕೊಡುವ ಮನುಷ್ಯ, ತನ್ನ ಕೈಯಿಂದಲೇ ಮಗನ ಕಾಲು ಹೋಯಿತು ಎಂದು ಒಪ್ಪಿಕೊಳ್ಳುವುದು ಕಷ್ಟವೇ. ಆದರೆ ತಾನು ಹೊರಲಾರದ್ದನ್ನು ತಂಗಿಯ ತಲೆಗೆ ಕಟ್ಟುವುದು ಅವರಿಗೆ ಕಷ್ಟವಾಗಲಿಲ್ಲವಲ್ಲ! ಗೋಡೆಗೆ ಒರಗಿದವಳಿಗೆ ಇನ್ನೊಂದು ಗುದ್ದು. ಯಾರು ಕೇಳಬೇಕು?

ಮಾತು ಶೃಂಗೇರಿಗೆ ಹೋಯಿತು, ಅಲ್ಲಿಂದ ನರಸಿಂಹರಾಜಪುರಕ್ಕೂ ಹೋಯಿತು. ಆ ಚಳಿಗಾಲ ಶೃಂಗೇರಿಯ ನೆಂಟರ ಮನೆಯ ಉಪನಯನದಲ್ಲಿ ಅತ್ತೆ ಹಿಂದಿನ ಬಾಗಿಲಿನಿಂದ ಬಂದರೂ ಹೆಂಗಸರು ಮಕ್ಕಳನ್ನು ಸೆರಗಿಗೆ ಎಳೆದುಕೊಂಡರು. "ಇವಳೇ ಅಂತೆ, ಮಾಣಿ ಕಾಲು ಮುರಿದವಳು" ಎಂದು ಒಬ್ಬಳು ಇನ್ನೊಬ್ಬಳಿಗೆ ತೋರಿಸಿದಳು. ಆಮೇಲೆ ಅವಳು ಯಾವ ಮನೆಯ ಶುಭಕ್ಕೂ ಹೋಗಲಿಲ್ಲ.

ಮನೆಯಲ್ಲಿ ಅಮ್ಮ ಒಂದೇ ಹಟ ಹಿಡಿದಳು, ಅವಳನ್ನು ಕಡಹಿನಬೈಲಿಗೆ ವಾಪಸು ಕಳಿಸಿಬಿಡಿ ಎಂದು. ಆ ಹೆಸರು ಕೇಳಿದರೇ ಅತ್ತೆ ಮಾಡುತ್ತಿದ್ದ ಕೆಲಸ ಬಿಟ್ಟು ಹಿತ್ತಿಲಿಗೆ ಹೋಗುತ್ತಿದ್ದಳು. ಅಪ್ಪಯ್ಯ ಯೋಚನೆ ಮಾಡಿ, ತಾವೇನೋ ದೊಡ್ಡ ಉಪಕಾರ ಮಾಡುತ್ತಿರುವ ಹಾಗೆ, ಒಂದು ಉಪಾಯ ಹೇಳಿದರು.

"ಇಲ್ಲೇ ಇರು. ಆದ್ರೆ ಮಾಣಿ ಹೊರಡುವಾಗ ಅಂಗಳದಲ್ಲಿ ಬೆಲ್ಲು ಹೊಡೀತಾನೆ. ಬೆಲ್ಲು ಕೇಳಿದ ಕೂಡ್ಲೇ ನೀನು ಒಳಗೆ ಹೋಗ್ಬೇಕು. ಅವ ತಿರುವು ದಾಟೋ ತನಕ ಹೊರಗೆ ಬರಕೂಡದು."

"ಆಗ್ಲಿ ಅಣ್ಣಯ್ಯ" ಎಂದಳು ಅತ್ತೆ. ಕಡಹಿನಬೈಲಿಗಿಂತ ಬಾಗಿಲ ಮರೆ ವಾಸಿ ಎಂದುಕೊಂಡಿರಬೇಕು.

ಕಾಲು ಕೂಡಿದ ಮೇಲೆ ಅಣ್ಣ ಮತ್ತೆ ಸೈಕಲ್ ಹತ್ತಿದ. ಕಾಲು ಗಿಡ್ಡವಾಗಿತ್ತು, ಕುಂಟುತ್ತಿದ್ದ. ಅತ್ತೆ ತೊಳೆದ ಮೇಲೆ ಬ್ರೇಕು ಗಟ್ಟಿಯಾಗಿ ಹಿಡಿಯುತ್ತಿತ್ತು. ಬೆಳಿಗ್ಗೆ ಹೊರಡುವ ಮೊದಲು ಅವನು ಬ್ರೇಕಿನ ಕಂಬಿ ಹಿಸುಕಿ, ಗಾಲಿಯನ್ನು ಮುಂದೆ ತಳ್ಳಿ, ನಿಲ್ಲುತ್ತದೆಯೋ ಇಲ್ಲವೋ ಎಂದು ಚೆನ್ನಾಗಿ ಪರೀಕ್ಷೆ ಮಾಡುತ್ತಿದ್ದ. ರಿಮ್ಮಿನ ಮೇಲೆ ಬೆರಳಾಡಿಸಿ ನೋಡುತ್ತಿದ್ದ. ಎಲ್ಲ ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆ ಬೆಲ್ಲು ಹೊಡೆಯುತ್ತಿದ್ದ. ಜಗಲಿಯ ತುದಿಯಲ್ಲಿ ಹೂ ಕಟ್ಟುತ್ತಿದ್ದ ಅತ್ತೆ ಅರ್ಧ ಕಟ್ಟಿದ ಮಾಲೆಯನ್ನು ಮಡಿಲಿಗೆ ಹಾಕಿಕೊಂಡು ಎದ್ದು ಒಳಗೆ ಹೋಗುತ್ತಿದ್ದಳು. ರಸ್ತೆಯಲ್ಲಿ ನಿಂತು ಅವಳೊಡನೆ ಮಾತಾಡುತ್ತಿದ್ದವರು ಮಾತನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗುತ್ತಿದ್ದರು. ಬರಬರುತ್ತಾ ಅವರೂ ನಿಲ್ಲುವುದನ್ನು ಬಿಟ್ಟರು. ಸಂಜೆ ತಿರುವಿನಲ್ಲಿ ಬೆಲ್ಲು ಕೇಳಿದರೆ 'ಕಾಫಿಗಿಡಿ' ಎನ್ನುವ ಕೂಗೂ ನಿಂತುಹೋಯಿತು. ದಾರಿಯಲ್ಲಿ ಹೋಗುವವರು ಸರಿಯಲಿ, ಯಾರಿಗೂ ಪೆಟ್ಟಾಗದಿರಲಿ ಎಂದು ಬೆಲ್ಲು ಮಾಡಿದರಂತೆ. ನಮ್ಮ ಮನೆಯಲ್ಲಿ ಅದು ಬಾರಿಸಿದ್ದು ಒಬ್ಬಳಿಗೆ ಪೆಟ್ಟು ಕೊಡುವುದಕ್ಕೇ.

"ಬ್ರೇಕು ನೋಡ್ಕೊಂಡ ಮೇಲೆ ಬೆಲ್ಲು ಎಂತಕ್ಕೆ ಹೊಡೀತೀಯ?" ಎಂದು ಒಂದು ದಿನ ಅಣ್ಣನನ್ನು ಬೇಲಿಯ ಹತ್ತಿರ ಅಡ್ಡಹಾಕಿ ಕೇಳಿದೆ.

"ಅಪ್ಪಯ್ಯ ಹೇಳಿದಾರೆ" ಎಂದ.

"ನಿನಗೆ ನಾಚ್ಕೆ ಆಗಲ್ವಾ?"

"ದಾರಿ ಬಿಡೇ. ಹೊತ್ತಾಯ್ತು" ಎಂದು ತುಳಿದುಕೊಂಡು ಹೋದ. ಮಕ್ಕಳಿಗೆ ಸತ್ಯವನ್ನೇ ಹೇಳಬೇಕು ಎಂದು ಕಾಪಿ ಬರೆಸುವ ಮೇಷ್ಟ್ರು ಇವನು!

ವರ್ಷ ತಿರುಗಿ ಮತ್ತೆ ಆಯುಧಪೂಜೆ ಬಂತು. ಅಪ್ಪಯ್ಯ ಎಣ್ಣೆಬಟ್ಟಲು ಹಿಡಿದು ಜಗಲಿಯಲ್ಲಿ ಕೂತರು. ಕತ್ತಿಗೆ ಉಜ್ಜಿದರು, ಹಾರೆಗೆ ಉಜ್ಜಿದರು, ಈಳಿಗೆಮಣೆಗೆ ಉಜ್ಜಿದರು. ಸೈಕಲ್ಲಿನ ಮುಂದೆ ಬಂದವರು ಬಟ್ಟಲನ್ನು ಕೆಳಗಿಟ್ಟು, ಹೆಗಲ ಮೇಲಿನ ಬಟ್ಟೆಗೆ ಕೈಯನ್ನು ಬೆರಳು ಬೆರಳೂ ಒರೆಸಿಕೊಂಡರು. ಹ್ಯಾಂಡಲ್ಲಿಗೆ ಮಾತ್ರ ಒಂದು ಬೊಟ್ಟು ಕುಂಕುಮ ಇಟ್ಟರು.

"ಸೈಕಲ್ಲಿಗೆ ಎಣ್ಣೆ ಹಚ್ಚೋದಿಲ್ವಾ?" ಎಂದಳು ಅಮ್ಮ.

"ಬೇಡ. ಅದಕ್ಕೆ ಎಣ್ಣೆ ಆಗಿಬರಲ್ಲ" ಎಂದರು ಅಪ್ಪಯ್ಯ, ಯಾರ ಮುಖವನ್ನೂ ನೋಡದೆ.

ನಡುಮನೆಯ ಹೊಸಿಲಿನಲ್ಲಿ ಅತ್ತೆ ಮಾಲೆ ಹಿಡಿದು ನಿಂತಿದ್ದಳು. ಅವಳಿಗೂ ಕೇಳಿಸಿತ್ತು. ಈಗ ಹೇಳುತ್ತಾರೆ, ಇನ್ನೊಂದು ಮಾತು ಈಗ ಬಂದೇ ಬರುತ್ತದೆ, 'ಇನ್ನು ಮೇಲೆ ನೀನು ಒಳಗೆ ಹೋಗುವುದು ಬೇಡ' ಎನ್ನುತ್ತಾರೆ ಎಂದು ನಾನು ಉಸಿರು ಹಿಡಿದು ಕಾದೆ. ಅತ್ತೆಯೂ ಕಾದಳು. ಅಪ್ಪಯ್ಯ ಕರ್ಪೂರ ಹಚ್ಚಿದರು, ಮಂಗಳಾರತಿ ಎತ್ತಿದರು, ಘಂಟೆ ಬಾರಿಸಿದರು. ಆಮೇಲೆ ಕೈ ಚಾಚಿ, "ಮಾಲೆ ಕೊಡು" ಎಂದರು. ಅತ್ತೆ ಕೊಟ್ಟಳು.

ಮಾರನೆಯ ಬೆಳಿಗ್ಗೆ ಅಣ್ಣ ಶಾಲೆಗೆ ಹೊರಟ. ಬ್ರೇಕು ಹಿಸುಕಿ ನೋಡಿದ. ಬೆಲ್ಲು ಹೊಡೆದ. ಅತ್ತೆ ಎದ್ದು ಒಳಗೆ ಹೋದಳು.

ಸಂಜೆ ಅವನು ಗೀರು ಗಾಯವಿಲ್ಲದೆ ಬಂದು ಸೈಕಲ್ಲನ್ನು ಗೋಡೆಗೆ ಒರಗಿಸಿದ. ಅಮ್ಮ ಅವನಿಗೆ ಕಾಫಿ ಕೊಡುತ್ತಾ, ಅಡಿಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದ ಅತ್ತೆಗೆ ಕೇಳಲೆಂದೇ ದನಿ ಎತ್ತಿ, "ನೋಡಿದ್ರಾ? ಈ ವರ್ಷ ದಶಮಿ ದಿನ ಇವಳು ಎದುರಿಗೆ ಬರಲಿಲ್ಲ, ಸುಖವಾಗಿ ಹೋಗಿ ಬಂದ" ಎಂದಳು. ಅಪ್ಪಯ್ಯ ಅಲ್ಲೇ ಕೂತು ತಾಂಬೂಲ ಹಾಕುತ್ತಿದ್ದರು. ಅಣ್ಣ ಕಾಫಿ ಊದುತ್ತಿದ್ದ.

ನಾನು ಅಡಿಗೆಮನೆಗೆ ಹೋದೆ. ಅತ್ತೆ ಬೂದಿ ಹತ್ತಿದ ಕೈಯಿಂದಲೇ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದಳು.

"ಕೇಳ್ದ್ಯೇನೇ ಕೂಸೇ? ನಾನು ಒಳಗೆ ಹೋಗಿದ್ದಕ್ಕೇ ಬ್ರೇಕು ಹಿಡೀತಂತೆ."

ಹೇಳಿ ನಕ್ಕಳು, ಮೊದಲ ದಿನ ಬೆಲ್ಲು ಒತ್ತಿದಾಗ ನಕ್ಕ ಹಾಗೆಯೇ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಪಾತ್ರೆ ಉಜ್ಜತೊಡಗಿದಳು.